ಸುದ್ದಿ ತಂದವನ ಕೈಗೆ ತಾಳ

1988ರ ಫೆಬ್ರವರಿ ಎರಡನೇ ವಾರದಲ್ಲಿ ಬಂಗಾರಪೇಟೆ ರೈಲ್ವೆ ಗೇಟಿನ ಪಕ್ಕದ ಗೋಡೆಯ ಮೇಲೆ ‘ಸ್ವರತಪಸ್ವಿ’ ಎಂಬ ಸಿನಿಮಾದ ಪೋಸ್ಟರ್ ಬಿತ್ತು. ಬಿಳಿ ಗಡ್ಡದ ಒಬ್ಬಾತ ಹಾರ್ಮೋನಿಯಂ ಮುಂದೆ ಕಣ್ಣು ಮುಚ್ಚಿ ಕೂತಿದ್ದ. ಅವನ ತಲೆಯ ಹಿಂದೆ ಸೂರ್ಯ ಹುಟ್ಟುತ್ತಿದ್ದ. ಅದು ಹಾಸ್ಯಚಿತ್ರ ಎಂದು ಪೋಸ್ಟರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಚಿಕ್ಕಗುಟ್ಟಹಳ್ಳಿಯ ಹಾಲಿನ ಡೇರಿಯ ಕಾರ್ಯದರ್ಶಿ ಆಂಜನಪ್ಪ ಕ್ಯಾನುಗಳನ್ನು ಇಳಿಸಿ ಟೆಂಪೋದಲ್ಲಿ ವಾಪಸ್ ಬರುವಾಗ ಪೋಸ್ಟರ್ ನೋಡಿದ. ಆ ಹೆಸರು ಅವನಿಗೆ ಗೊತ್ತಿತ್ತು. ಒಂದೂವರೆ ವರ್ಷದ ಹಿಂದೆ ಪ್ರಭಾಕರ ಎಂಬ ಸಹಾಯಕ ನಿರ್ದೇಶಕ ಬೆಂಗಳೂರಿನಿಂದ ಬಂದು, ಆಂಜನಪ್ಪನಿಗೆ ಹೆಣ್ಣು ಕೊಟ್ಟ ಮಾವ ಕೋದಂಡಪ್ಪನ ಮನೆಯಲ್ಲಿ ಎರಡು ದಿನ ಇದ್ದು, ಒಂದು ನೋಟ್‌ಬುಕ್ ತುಂಬ ಬರೆದುಕೊಂಡು ಹೋಗಿದ್ದ. ಕೋದಂಡಪ್ಪ ನಾಟಕದ ಹಾರ್ಮೋನಿಯಂ ಮೇಷ್ಟ್ರು. ಆಗ ಅವನಿಗೆ ಐವತ್ತೆಂಟು ವರ್ಷ. ಬಂಗಾರಪೇಟೆ ಸುತ್ತಿನ ನಲವತ್ತಕ್ಕೂ ಹೆಚ್ಚು ಊರುಗಳಲ್ಲಿ ರೈತರಿಗೆ, ದನ ಕಾಯುವವರಿಗೆ ಕನ್ನಡ ಮಾತು, ತೆಲುಗು ಪದ್ಯ ಎರಡನ್ನೂ ಬಾಯಿಪಾಠ ಮಾಡಿಸಿ ಪೌರಾಣಿಕ ನಾಟಕ ಆಡಿಸಿದವನು.

“ಮಾವ, ನಿಮ್ ಸಿನಿಮಾ ಬಂದೈತೆ. ಭಾನುವಾರ ಊರಿಗ್ ಊರೇ ಓಗ್ಬೇಕು” ಎಂದು ಆಂಜನಪ್ಪ ಬಾಗಿಲಲ್ಲೇ ನಿಂತು ಕೂಗಿದ.

ಕೋದಂಡಪ್ಪ ಹಾರ್ಮೋನಿಯಂ ತಿದಿಯ ಸವೆದ ಚರ್ಮಕ್ಕೆ ತೇಪೆ ಅಂಟಿಸುತ್ತಿದ್ದ. “ನಂದೇನ್ ಸಿನಿಮಾ? ಅವ್ರುದ್ದು” ಎಂದ. “ಮುತ್ಯಾಲು ಬರೋದ್ ಬ್ಯಾಡ. ಮನೇಲಿ ದನ ಅವೆ.”

“ಒಂದಿನ ದನ ಕಾಯ್ತವೆ ಬಿಡಪ್ಪಾ” ಎಂದು ಒಳಗಿನಿಂದ ಮಗಳು ಮುತ್ಯಾಲಮ್ಮ ಹೇಳಿದಳು. ಅವಳ ಗಂಡನ ಮನೆ ಎರಡು ಬೀದಿ ಆಚೆ. ದಿನಕ್ಕೆ ಎರಡು ಹೊತ್ತು ಬಂದು ತಂದೆಗೆ ಅಡುಗೆ ಮಾಡಿಡುತ್ತಿದ್ದಳು. “ನಮ್ಮಪ್ಪನ ಕಥೆ ಸಿನಿಮಾ ಆಗೈತೆ, ನಾನು ನೋಡ್ದಿದ್ರೆ ಯಾರ್ ನೋಡ್ತಾರೆ?”

ಕೋದಂಡಪ್ಪನಿಗೆ ಹೆದರಿಕೆಯಾಗಿದ್ದು ಅದಕ್ಕೇ. ಹದಿನಾರು ವರ್ಷದಿಂದ ಮಗಳಿಗೆ ಹೇಳದ ಒಂದು ವಿಷಯವನ್ನು ಅವನು ಪ್ರಭಾಕರನಿಗೆ ಹೇಳಿದ್ದ.

ವಿಷಯ ಇಷ್ಟು. 1972ರ ಏಪ್ರಿಲ್‌ನಲ್ಲಿ ಅವನ ಹೆಂಡತಿ ಕದಿರಮ್ಮ ಎರಡನೆಯ ಹೆರಿಗೆಗೆ ಕೆಜಿಎಫ್‌ನ ಆಸ್ಪತ್ರೆ ಸೇರಿದ್ದಳು. ಅವಳ ತಮ್ಮ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸಕ್ಕಿದ್ದ. ಮಗು ಹೊಟ್ಟೆಯಲ್ಲೇ ಸತ್ತು ತಾಯಿಗೂ ಕಷ್ಟ ಎಂದಾದಾಗ ಅವನು ಪಾಳಿಯಿಂದ ಮೇಲೆ ಬಂದ ಬಟ್ಟೆಯಲ್ಲೇ, ಬೂಟು, ದೀಪದ ಟೋಪಿ ಸಮೇತ ಸೈಕಲ್ ಹತ್ತಿದ. ಬೆಳಗಿನ ಐದಕ್ಕೆ ಚಿಕ್ಕಗುಟ್ಟಹಳ್ಳಿಗೆ ಬಂದು ಭಾವ ಎಲ್ಲಿ ಎಂದು ಕೇಳಿದ. ಒಂಬತ್ತು ವರ್ಷದ ಮುತ್ಯಾಲಮ್ಮ ಅವನಿಗೆ ನೀರು ಕೊಟ್ಟು, ಅಪ್ಪನ ನಾಟಕ ನಡೆಯುತ್ತಿದ್ದ ಊರಿನ ದಾರಿ ತೋರಿಸಿದಳು. ನಾಲ್ಕು ಮೈಲಿ ಕಲ್ಲು ದಾರಿ. ಅವನು ರಂಗದ ಪಕ್ಕಕ್ಕೆ ತಲುಪಿದಾಗ ಆರೂಕಾಲು. ಬಿಸಿಲು ಬಿದ್ದಿತ್ತು. ಜನ ಕದಲದೆ ಕೂತಿದ್ದರು. ರಾಜಪಾರ್ಟಿನವನ ಕೊನೆಯ ಅಂಕ ಬಾಕಿ ಇತ್ತು.

ಆ ಕಡೆ ನಾಟಕಗಳಲ್ಲಿ ಗಣಪತಿ ಪೂಜೆಯಾಗಿ ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಮಂಗಳ ಹಾಡುವ ತನಕ ಏಳುವಂತಿಲ್ಲ. ಎದ್ದರೆ ಅದು ಮುರಿದ ನಾಟಕ. ಊರಿಗೆ ಕೇಡು ಎಂದು ಮೂರು ವರ್ಷ ಅಲ್ಲಿ ಮತ್ತೆ ನಾಟಕ ಕಟ್ಟುವುದಿಲ್ಲ. ಮುನಿಸ್ವಾಮಪ್ಪ ಬಗ್ಗಿ ಕಿವಿಯಲ್ಲಿ ಸುದ್ದಿ ಹೇಳಿದ. ಕೋದಂಡಪ್ಪ ಬಲಗೈ ಹಾರ್ಮೋನಿಯಂನ ಮನೆಗಳ ಮೇಲಿಟ್ಟುಕೊಂಡೇ, ಪಕ್ಕದಲ್ಲಿದ್ದ ತಾಳದ ಜೋಡಿಯನ್ನು ಎಡಗೈಯಲ್ಲಿ ಎತ್ತಿ ಮೈದುನನ ಕೈಗೆ ಕೊಟ್ಟ. “ಬಾಯ್ ಮುಚ್ಕೊಂಡು ತಾಳ ಆಕು” ಎಂದ. ಜನರ ಮುಂದೆ ಅವನು ಅಳಬಾರದು ಎಂದೋ, ಸುದ್ದಿ ಬಾಯಿಂದ ಬಾಯಿಗೆ ಹೋಗಬಾರದು ಎಂದೋ. ಮುನಿಸ್ವಾಮಪ್ಪ ತಾಳ ಹಾಕಿದ. ಮಂಗಳ ಮುಗಿದಾಗ ಎಂಟೂವರೆ. ಏಳು ಗಂಟೆಗೆ ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಮಾರಿಕುಪ್ಪಂ ರೈಲು ಹೋಗಿಯಾಗಿತ್ತು. ಕದಿರಮ್ಮ ಒಂಬತ್ತು ಇಪ್ಪತ್ತಕ್ಕೆ ತೀರಿಕೊಂಡಳು. ಇಬ್ಬರೂ ಆಗಿನ್ನೂ ದಾರಿಯಲ್ಲಿದ್ದರು.

ಹೆಣ ಬರುವ ಮೊದಲು, ಊರ ಹೊರಗಿನ ಹುಣಸೆಮರದ ಕೆಳಗೆ ಕೋದಂಡಪ್ಪ ಮೈದುನನ ಸೈಕಲ್ಲಿನ ಚೈನನ್ನು ತನ್ನ ಕೈಯಿಂದಲೇ ಕಿತ್ತ. ನಾಟಕದ ಊರಿನ ದಾರಿಯಲ್ಲಿ ಚೈನು ತುಂಡಾಗಿ ಸುದ್ದಿ ತಡವಾಯಿತು ಎಂದು ಹೇಳು ಎಂದ. ಇಪ್ಪತ್ತಾರು ವರ್ಷದ ಮುನಿಸ್ವಾಮಪ್ಪ ಹಾಗೇ ಹೇಳಿದ. ಅಂದಿನಿಂದ ಊರಿನಲ್ಲಿ ಅವನಿಗೆ ‘ಚೈನು’ ಎಂದೇ ಹೆಸರು. 1980ರಲ್ಲಿ ಮುತ್ಯಾಲಮ್ಮನ ಮದುವೆಗೆ ಅವನನ್ನು ಕರೆಯಲಿಲ್ಲ. ಸೋದರಮಾವ ಕಟ್ಟಬೇಕಾದ ಬಾಸಿಂಗವನ್ನು ದೂರದ ಸಂಬಂಧದ ಒಬ್ಬನಿಂದ ಕಟ್ಟಿಸಿದರು. ಬೇಡ ಎಂದವಳು ಮುತ್ಯಾಲಮ್ಮನೇ. “ಅವನು ಬಂದ್ರೆ ನಾನ್ ಅಸೆಮಣೆ ಮ್ಯಾಕ್ ಕೂರಲ್ಲ” ಎಂದಿದ್ದಳು.

ಪ್ರಭಾಕರ ಕೇಳಿದ್ದು ಒಂದೇ ಪ್ರಶ್ನೆ: ಸಂಗೀತಕ್ಕಾಗಿ ನೀವು ಬಿಟ್ಟುಕೊಟ್ಟಿದ್ದು ಏನು? ಹೊರಗಿನವನು, ಮತ್ತೆ ಬರುವವನಲ್ಲ. ಕೋದಂಡಪ್ಪ ತಾಳ, ಚೈನು, ಎಲ್ಲವನ್ನೂ ಹೇಳಿಬಿಟ್ಟ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಪ್ರಭಾಕರ ನಗಲಿಲ್ಲ. ಗಂಭೀರವಾಗಿ ಬರೆದುಕೊಂಡ.

*

ಭಾನುವಾರದ ಎರಡೂವರೆ ಆಟಕ್ಕೆ ಚಿಕ್ಕಗುಟ್ಟಹಳ್ಳಿಯಿಂದ ನಲವತ್ತೊಂದು ಜನ ಹೊರಟರು. ಹಾಲಿನ ಟೆಂಪೋ, ಒಂದು ಟ್ರ್ಯಾಕ್ಟರ್. ದೊಡ್ಡವರ ಜೀವನದ ಸಿನಿಮಾ ಎಂದರೆ ಕೈಮುಗಿದು ನೋಡಿಯೇ ಅವರಿಗೆ ಅಭ್ಯಾಸ. ಹಾರ, ಶಾಲು, ಎರಡು ತೆಂಗಿನಕಾಯಿ ತಂದಿದ್ದರು. ಟಾಕೀಸಿನ ಮ್ಯಾನೇಜರನ್ನು ಕೇಳಿ ಆಟಕ್ಕೆ ಮುಂಚೆ ಹತ್ತು ನಿಮಿಷ ತೆಗೆದುಕೊಂಡರು. ಪರದೆಯ ಮುಂದೆ ಕಾಯಿ ಒಡೆದು, ಕೋದಂಡಪ್ಪನಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಒಂದು ಸಲ ಬಾಯಿ ತೆರೆದ, ಏನೋ ಹೇಳಲು. ಮತ್ತೆ ಮುಚ್ಚಿಕೊಂಡ.

ಸಿನಿಮಾ ಒಂದು ಹೆರಿಗೆಯಿಂದ ಶುರುವಾಯಿತು. ಮಗು ಅಳುವ ಬದಲು ಸರಿಗಮ ಹಾಡಿತು. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಬಿಟ್ಟು “ಶ್ರುತಿಪೆಟ್ಟಿಗೆ ತನ್ನಿ!” ಎಂದು ಕೂಗಿದಳು. ಮುಂದಿನ ಬೆಂಚುಗಳ ಪೇಟೆಯ ಹುಡುಗರು ಗೊಳ್ಳೆಂದರು.

ಚಿಕ್ಕಗುಟ್ಟಹಳ್ಳಿಯವರು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕೋದಂಡಪ್ಪನ ಮುಖ ನೋಡಿದರು, ನಗಬಹುದೋ ಇಲ್ಲವೋ ತಿಳಿಯಲು. ಶಾಲಿನಲ್ಲಿ ಅವನು ಕದಲದೆ ಕೂತಿದ್ದ.

ಗುರು ಶಿಷ್ಯನ ಹಾರ್ಮೋನಿಯಂ ಅನ್ನು ಬಾವಿಗೆ ಎಸೆದ. ಶಿಷ್ಯ ಹಿಂದೆಯೇ ಹಾರಿ ನೀರಿನೊಳಗೇ ನುಡಿಸಿದ. ಕಪ್ಪೆಗಳು ತಲೆದೂಗಿದವು. ಗೋಡೆಯ ಕ್ಯಾಲೆಂಡರಿನ ಹಾಳೆಗಳು ಪಟಪಟ ಹಾರಿಹೋದವು. ಒಬ್ಬಳು ಹಿಂದಿನಿಂದ ಬಂದು ನಾಯಕನ ತಲೆಗೆ ಒಂದು ಸೇರು ಹಿಟ್ಟು ಸುರಿದಳು. ಅವನು ಮುದುಕನಾದ.

“ಅಯ್ಯೋ, ಮೇಷ್ಟ್ರ ತಲೆ ನೆರೆತಿದ್ದು ಇಂಗಾ?” ಎಂದು ಓಬಳಮ್ಮ ಎಂಬ ಮುದುಕಿ ಗಟ್ಟಿಯಾಗಿ ಕೇಳಿದಳು. ಅಷ್ಟೇ ಸಾಕಾಯಿತು. ಊರಿನವರೂ ನಗಲು ಶುರುಮಾಡಿದರು. ಹೆಂಗಸರ ಕಡೆ ಕೂತಿದ್ದ ಮುತ್ಯಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕೋದಂಡಪ್ಪ ಕೂತ ಕಡೆಯಿಂದ ಅವಳ ಭುಜ ಕುಲುಕುವುದಷ್ಟೇ ಕಾಣುತ್ತಿತ್ತು.

ಮಧ್ಯಂತರದಲ್ಲಿ ಅವನು ಮಗಳ ಹತ್ತಿರ ಹೋಗಿ “ತಲೆ ನೋಯ್ತದೆ, ಮನೆಗ್ ಓಗಾನಾ?” ಎಂದ.

“ಅವಮಾನ ಅಂದ್ಕೊಂಡ್ಯಾ? ಅದು ನಿನ್ ಕಥೆ ಅಲ್ಲ ಬಿಡು. ಸುಮ್ನೆ ತಮಾಸೆಗ್ ಮಾಡವ್ರೆ” ಎಂದಳು. ಅವನ ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟಳು.

ಆ ದೃಶ್ಯ ಬಂದಿದ್ದು ನಾಲ್ಕೂಕಾಲರ ಹೊತ್ತಿಗೆ. ನಾಯಕ ಸಂಗೀತ ಕಛೇರಿ ನಡೆಸುತ್ತಿದ್ದ. ಒಬ್ಬ ಓಡಿಬಂದು “ನಿಮ್ಮ ತಂದೆ ಹೋದರು!” ಎಂದ. ನಾಯಕ ಅವನಿಗೆ ಗೆಜ್ಜೆ ಕೊಟ್ಟು ಕೂರಿಸಿದ. ಎರಡನೆಯವನು “ನಿಮ್ಮ ತಾಯಿ!” ಎಂದ. ಅವನಿಗೆ ಖಂಜಿರ. ಮನೆಗೆ ಬೆಂಕಿ ಬಿದ್ದ ಸುದ್ದಿ ತಂದವನಿಗೆ ಘಟ. ಸುದ್ದಿ ತಂದವರೆಲ್ಲ ಸಾಲಾಗಿ ಕೂತು ಅಳುತ್ತ ಪಕ್ಕವಾದ್ಯ ನುಡಿಸಿದರು. ಟಾಕೀಸು ನಕ್ಕು ನಕ್ಕು ಸುಸ್ತಾಗಿತ್ತು. ಮುತ್ಯಾಲಮ್ಮ ಪಕ್ಕದವಳ ತೊಡೆಯ ಮೇಲೆ ಹೊಡೆಯುತ್ತ ನಗುತ್ತಿದ್ದಳು.

ಕೊನೆಗೆ ಬಂದವನ ತಲೆಯ ಮೇಲೆ ಗಣಿಯ ಟೋಪಿ. ಅದರಲ್ಲಿ ದೀಪ ಉರಿಯುತ್ತಿತ್ತು. ಕಾಲಲ್ಲಿ ಕೆಸರಿನ ಬೂಟು, ಹೆಗಲ ಮೇಲೆ ಸೈಕಲ್ಲು. “ಭಾವ, ಅಕ್ಕ ಹೋಗ್ತಾ ಇದ್ದಾಳೆ!” ನಾಯಕ ಕಣ್ಣು ತೆರೆಯದೆ ತಾಳದ ಜೋಡಿ ಚಾಚಿದ. “ಬಾಯಿ ಮುಚ್ಚಿಕೊಂಡು ತಾಳ ಹಾಕು.” ಕಛೇರಿ ಮುಗಿಯಿತು. “ಊರಿನವರು ಕೇಳಿದರೆ ಏನು ಹೇಳಲಿ ಭಾವ?” ನಾಯಕ ಎದ್ದು, ಸೈಕಲ್ಲಿನ ಚೈನು ಕಿತ್ತು, ಹಾರದಂತೆ ಅವನ ಕೊರಳಿಗೆ ಹಾಕಿ ಆಶೀರ್ವಾದ ಮಾಡಿದ.

ಅತಿ ಹೆಚ್ಚು ನಗು ಬಂದಿದ್ದು ಅಲ್ಲೇ. ಆಂಜನಪ್ಪ ಕೆಮ್ಮುವಷ್ಟು ನಕ್ಕ. ಕೋದಂಡಪ್ಪ ಪರದೆ ನೋಡಲಿಲ್ಲ. ಮಗಳ ಭುಜ ನೋಡುತ್ತಿದ್ದ. ಅದರ ಕುಲುಕಾಟ ನಿಂತಿತ್ತು.

*

ಆಟ ಬಿಟ್ಟ ಮೇಲೆ ಊರಿನವರು ಟ್ರ್ಯಾಕ್ಟರ್ ಹತ್ತಿದರು. ಮುತ್ಯಾಲಮ್ಮ ಹತ್ತಲಿಲ್ಲ. ಗಂಡ ಆಂಜನಪ್ಪನಿಗೆ “ನೀನ್ ಓಗು. ದನಕ್ ನೀರ್ ಇಡು. ನಾನು ಅಪ್ಪನ ಜೊತೆ ಒಂದ್ ಕಡೆ ಓಗ್ಬೇಕು” ಎಂದಳು. ಟ್ರ್ಯಾಕ್ಟರ್ ತಿರುವು ದಾಟಿದ ಮೇಲೆ ತಂದೆಯ ಕಡೆ ತಿರುಗಿದಳು. “ಮುನಿಸ್ವಾಮಿ ಮಾವನ ಮನೆ ಯಾವ್ ಲೈನಲ್ಲಿ?”

ಮಾರಿಕುಪ್ಪಂ ರೈಲು ಹೊರಟಿತು. ಕೋಲಾರದ ಚಿನ್ನದ ಗಣಿಯ ಜನ ಪೇಟೆ ಮುಗಿಸಿಕೊಂಡು ತಮಿಳು, ತೆಲುಗು, ಕನ್ನಡ ಬೆರೆಸಿ ಮಾತಾಡುತ್ತ ತುಂಬಿದ್ದರು. ಇಬ್ಬರೂ ಬಾಗಿಲ ಹತ್ತಿರ ನಿಂತರು. ಶಾಲನ್ನು ಕೋದಂಡಪ್ಪ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಮಾವ ಎಷ್ಟೊತ್ತಿಗ್ ಬಂದಿದ್ದ?”

“ಆರೂಕಾಲು.”

“ನಾಟ್ಕ ಮುಗಿದಿದ್ದು?”

“ಎಂಟೂವರೆ.”

“ಏಳಕ್ಕೆ ಇದೇ ರೈಲಿತ್ತು.”

“ಇತ್ತು.”

ಕೋದಂಡಪ್ಪ ಮುರಿದ ನಾಟಕದ ಮಾತು ತೆಗೆದ. ಆ ಊರಿನ ಹದಿನಾಲ್ಕು ಜನ ಆರು ತಿಂಗಳು ಕಲಿತಿದ್ದರು ಎಂದ. ಅವಳು ಹೊರಗೆ ನೋಡುತ್ತಿದ್ದಳು. ಊರ್ಗಾಂ ಸ್ಟೇಷನ್ ಬಂತು. ಅವನು ಮಾತು ಅರ್ಧಕ್ಕೆ ಬಿಟ್ಟ.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು, ತಗಡಿನ ಮಾಡಿನ ಸಾಲುಮನೆಗಳ ನಡುವೆ ಕಾಲು ಗಂಟೆ ನಡೆದರು. ಬಾಗಿಲು ತೆರೆದವಳು ಮುನಿಸ್ವಾಮಪ್ಪನ ಹೆಂಡತಿ ಮುನಿಶಾಮಮ್ಮ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಯಾರೂ... ಕದಿರಕ್ಕನ ಮಗಳಾ? ಬಾಮ್ಮಾ, ಬಾ” ಎಂದವಳು ಹಿಂದಿದ್ದ ಕೋದಂಡಪ್ಪನನ್ನು ನೋಡಿ ಬಾಗಿಲಿಗೆ ಅಡ್ಡವಾಗಿಯೇ ನಿಂತಳು. ಆಮೇಲೆ ಸರಿದಳು.

ಮುನಿಸ್ವಾಮಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಲವತ್ತೆರಡಕ್ಕೇ ಎದೆ ಹೋಗಿತ್ತು. ಗಣಿಯೊಳಗೆ ಇಳಿಸುವುದನ್ನು ಬಿಟ್ಟು ಮೇಲಿನ ಕೆಲಸಕ್ಕೆ ಹಾಕಿದ್ದರು. ಮುತ್ಯಾಲಮ್ಮ ನೆಲದ ಮೇಲೆ ಅವನ ಎದುರು ಕೂತಳು.

“ಮಾವ, ಅವತ್ತು ಯಾಕ್ ಲೇಟಾಯ್ತು?”

ಅವನು ಭಾವನ ಕಡೆ ನೋಡಿದ. “ಚೈನ್ ಕಿತ್ತೋಗಿತ್ತು ಕಣಮ್ಮ. ಎಲ್ರಿಗೂ ಗೊತ್ತಲ್ಲ.”

“ನಾನು ಸಿನಿಮಾ ನೋಡ್ಕೊಂಡ್ ಬಂದೆ.”

“ಸಿನಿಮಾದಾಗೆ ನನ್ ಚೈನ್ ಯಾಕ್ ಬತ್ತದೆ?”

“ನಾನೇ ಏಳ್ದೆ” ಎಂದ ಕೋದಂಡಪ್ಪ ಬಾಗಿಲ ಬಳಿಯಿಂದ. “ಸಿನಿಮಾದೋರು ಬಂದಿದ್ರು. ಎಲ್ಲಾ ಏಳ್ದೆ.”

ಮುನಿಸ್ವಾಮಪ್ಪನಿಗೆ ಕೆಮ್ಮು ಹತ್ತಿತು. ಹೆಂಡತಿ ನೀರು ತಂದಳು. ಕುಡಿದು, ಲೋಟ ಕೈಯಲ್ಲೇ ಹಿಡಿದುಕೊಂಡ. “ಹದಿನಾರು ವರ್ಸ ಆ ಮಾತ್ ಒಟ್ಟೇಲ್ ಇಟ್ಕೊಂಡಿದ್ದೀನಿ ಭಾವ. ಇವಳಿಗೂ ಏಳ್ಲಿಲ್ಲ” ಎಂದು ಹೆಂಡತಿಯ ಕಡೆ ತೋರಿಸಿದ. “ನಿಂಗೆ ಊರ್ ಕಾಣದ ಸಿನಿಮಾದೋನ್ ಮುಂದೆ ಬಾಯ್ ಬಂತು. ಮಗಳ್ ಮುಂದೆ ಬರ್ಲಿಲ್ಲ.”

ಕೋದಂಡಪ್ಪ ಶಾಲನ್ನು ಇನ್ನೊಂದು ಕಂಕುಳಿಗೆ ಸರಿಸಿದ.

“ನಾನೂ ಸಾಚಾ ಅಲ್ಲಮ್ಮ” ಎಂದ ಮುನಿಸ್ವಾಮಪ್ಪ ಮುತ್ಯಾಲಮ್ಮನಿಗೆ. “ಎರಡೂಕಾಲ್ ಗಂಟೆ ತಾಳ ಆಕಿದೀನಿ. ಎದ್ ನಿಂತು ಒಂದ್ ಕೂಗ್ ಆಕಿದ್ರೆ ಆಗ್ತಿತ್ತು. ಅಷ್ಟು ಜನ ನೋಡ್ತಾ ಅವ್ರೆ, ಮೇಷ್ಟ್ರು ನಂಗೇ ತಾಳ ಕೊಟ್ಟವ್ರೆ ಅಂತ... ಒಂದ್ ಪೆಟ್ಟೂ ತಪ್ಪದಂಗ್ ಆಕ್ದೆ. ಸಿನಿಮಾದಾಗೆ ಎಂಗ್ ಮಾಡವ್ರೆ?”

“ನಗೋ ಅಂಗೆ.”

“ನೀನೂ ನಕ್ಕಾ?”

“ನಕ್ಕೆ. ಚೈನ್ ಬರೋ ಗಂಟ ನಕ್ಕೆ.”

ಅವನು ತಲೆಯಾಡಿಸಿದ. ಮುತ್ಯಾಲಮ್ಮ ಮುನಿಶಾಮಮ್ಮನ ಕಡೆ ತಿರುಗಿದಳು. “ಅತ್ತೇ, ಅವತ್ತು ಆಸ್ಪತ್ರೇಲಿ ಅಮ್ಮನತ್ರ ಇದ್ದೋಳು ನೀನೊಬ್ಳೇ ಅಲ್ವಾ?”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಮುನಿಶಾಮಮ್ಮನಿಗೆ ಕೇಳಿರಲಿಲ್ಲ. ಅವಳು ಮಂಚದ ಕಾಲು ಹಿಡಿದು ಕೆಳಗೆ ಕೂತಳು. “ಮಾತಿರ್ಲಿಲ್ಲ ಕಣಮ್ಮ. ಬಾಗ್ಲು ಸದ್ದಾದಾಗೆಲ್ಲ ತಲೆ ಎತ್ತೋಳು. ಆಯಾ ಬಂದ್ಲು, ಎತ್ತಿದ್ಲು. ನರ್ಸಮ್ಮ ಬಂದ್ಲು, ಎತ್ತಿದ್ಲು. ಕಸ ಗುಡ್ಸೋನು ಬಂದ. ಆಮ್ಯಾಲೆ ನಾನೇ ಓಗಿ ಬಾಗ್ಲು ತೆಗ್ದಿಟ್ಟೆ, ಸದ್ದಾಗ್ದಂಗೆ.”

ಪಕ್ಕದ ಮನೆಯ ರೇಡಿಯೋದಲ್ಲಿ ತಮಿಳು ವಾರ್ತೆ ಬರುತ್ತಿತ್ತು.

ಮುತ್ಯಾಲಮ್ಮ ಎದ್ದು ಹೊರಗೆ ಬಂದಳು. ತಂದೆ ಹಿಂದೆ ಬಂದ. “ನೀನು ಈಗಿನ ರೈಲಿಗ್ ಓಗು” ಎಂದಳು. “ನಾನು ನಾಳೆ ಮಾವನ್ನ, ಅತ್ತೇನ ಕರ್ಕೊಂಡ್ ಊರಿಗ್ ಬತ್ತೀನಿ. ಅದ್ಕ್ ಮುಂಚೆ ಬೆಳಿಗ್ಗೆ ಡೇರಿ ತಾವ ಎಲ್ಲಾ ಹಾಲ್ ಆಕಾಕ್ ಬತ್ತಾರಲ್ಲ, ಅಲ್ ನಿಂತ್ಕೊಂಡು ಏಳು. ಯಾರ್ ಬಾಯಲ್ಲೂ ಮಾವನ್ನ ಚೈನು ಅನ್ನೋ ಮಾತ್ ಬರ್ಬಾರ್ದು.”

“ಈ ವಯಸ್ನಾಗೆ, ಅಷ್ಟ್ ಜನದ್ ಮುಂದೆ...”

“ಜನದ್ ಮುಂದೆ ಕೂತು ನಿಂಗ್ ಅಭ್ಯಾಸ ಐತಲ್ಲ” ಎಂದಳು. “ಏಳ್ದಿದ್ರೆ ನಾಳೆಯಿಂದ ನಿನ್ ಒಲೆ ನೀನೇ ಅಚ್ಕೋ. ನಾನ್ ಒಸ್ಲು ತುಳಿಯಲ್ಲ.”

*

ಚಿಕ್ಕಗುಟ್ಟಹಳ್ಳಿಯಲ್ಲಿ ಬೆಳಗಿನ ಹಾಲು ಆರಕ್ಕೆ ಶುರುವಾಗಿ ಏಳರೊಳಗೆ ಮುಗಿಯುತ್ತದೆ. ಕೋದಂಡಪ್ಪ ಆರೂ ಹತ್ತಕ್ಕೆ ಹೋದ. ಇಪ್ಪತ್ತೈದು ಮೂವತ್ತು ಜನ ಚೊಂಬು, ಸ್ಟೀಲ್ ಕ್ಯಾನು ಹಿಡಿದು ಸಾಲಿನಲ್ಲಿದ್ದರು. ಸಿನಿಮಾದ ಮಾತೇ ನಡೆದಿತ್ತು. ಆಂಜನಪ್ಪ ಹಾಲು ಅಳೆಯುತ್ತ, ಕಪ್ಪೆ ತಲೆದೂಗಿದ್ದನ್ನು ಮಾಡಿ ತೋರಿಸುತ್ತಿದ್ದ.

“ಬನ್ನಿ ಮಾವ. ಮುತ್ಯಾಲು ಎಲ್ಲಿ?”

“ಅವಳು ಅವ್ಳ ಸೋದರಮಾವನ ಮನೇಲವ್ಳೆ. ನಂದೊಂದ್ ಮಾತೈತೆ, ಎಲ್ರೂ ಕೇಳ್ಬೇಕು” ಎಂದ ಕೋದಂಡಪ್ಪ. ಸಾಲು ತಿರುಗಿತು. ಅವನು ನಿಂತೇ ಶುರುಮಾಡಿದ. “ನಾನ್ ನಾಟ್ಕದಾಗೆ ಕೂತಿದ್ದೆ. ಮೈದ ಬಂದು ಕಿವಿಯಾಗೆ, ಅಕ್ಕ ಓಗ್ತಾವ್ಳೆ ಅಂದ. ನಾನ್ ಏಳ್ಲಿಲ್ಲ. ಅವನ ಕೈಗೆ ತಾಳ ಕೊಟ್ಟೆ.”

ಸಾಲಿನಲ್ಲಿ ನಗು ಹುಟ್ಟಿತು. “ಬಾಯ್ ಮುಚ್ಕೊಂಡ್ ತಾಳ ಆಕು!” ಎಂದು ಸೀನಪ್ಪ ಎಂಬುವನು ಹಿಂದಿನಿಂದ ಕೂಗಿದ. ಅದೇ ದನಿ, ಅದೇ ಏರಿಳಿತ. ಎಲ್ಲರೂ ನಕ್ಕರು.

“ಅದೇ ಮಾತ್ ನಾನ್ ಅಂದಿದ್ದು” ಎಂದ ಕೋದಂಡಪ್ಪ.

“ಮೇಷ್ಟ್ರು ಚೆನ್ನಾಗ್ ಮಾಡ್ತಾರೆ ಕಣ್ಲಾ! ಇವರನ್ನೇ ಆಕ್ಬೇಕಿತ್ತು ಸಿನಿಮಾಗೆ” ಎಂದಳು ಓಬಳಮ್ಮ. “ಆ ಚೈನ್ ಕೀಳೋದ್ ಮಾಡಿ ಮೇಷ್ಟ್ರೇ!”

“ಚೈನ್ ಕಿತ್ತೋನೂ ನಾನೇ. ಹುಣಸೆಮರದ್ ತಾವ. ಮುನಿಸ್ವಾಮಿ ಲೇಟಾಗ್ ಬರ್ಲಿಲ್ಲ. ಆರೂಕಾಲಕ್ ಬಂದಿದ್ದ.”

ನಗು ಇನ್ನೂ ಜೋರಾಯಿತು. ಯಾರೋ ಕ್ಯಾನಿನ ಮುಚ್ಚಳ ಎರಡನ್ನು ತಾಳದಂತೆ ಬಡಿದರು. ಕೋದಂಡಪ್ಪ ನಿಲ್ಲಿಸಲಿಲ್ಲ. ರೈಲಿನ ಹೊತ್ತು ಹೇಳಿದ. ಮಂಗಳ ಹಾಡಿದ ಹೊತ್ತು ಹೇಳಿದ. ಆಸ್ಪತ್ರೆಯ ಬಾಗಿಲಿನ ಸದ್ದು, ತಲೆ ಎತ್ತಿದ್ದು, ಹಿಂದಿನ ದಿನ ತಾನೇ ಮೊದಲ ಸಲ ಕೇಳಿದ್ದನ್ನೂ ಹೇಳಿದ. ಕದಿರಮ್ಮನ ಹೆಸರು ಹೇಳಿದ. ಅವನ ದನಿ ನಡುಗಲಿಲ್ಲ. ಅದಕ್ಕೇ ಇರಬೇಕು, ಯಾರೂ ನಗು ನಿಲ್ಲಿಸಲಿಲ್ಲ.

ಆಂಜನಪ್ಪನ ಕೈಯಲ್ಲಿದ್ದ ಅಳತೆಯಿಂದ ಹಾಲು ಕ್ಯಾನಿಗೆ ಬೀಳದೆ ಹೊರಗೆ ಚೆಲ್ಲುತ್ತಿತ್ತು. ಅವನು ಅಳತೆ ಕೆಳಗಿಟ್ಟ.

“ಮಾವ” ಎಂದ ಮೆಲ್ಲಗೆ, “ಬಾಗ್ಲು ಸದ್ದಾಗಿದ್ದು ಸಿನಿಮಾದಾಗೆ ಇರ್ಲಿಲ್ವಲ್ಲ?”

“ಇರ್ಲಿಲ್ಲ.”

ಆಂಜನಪ್ಪನಿಗೂ, ಅವನ ಎದುರು ಚೊಂಬು ಹಿಡಿದು ನಿಂತಿದ್ದ ಇಬ್ಬರಿಗೂ ಅದು ಕೇಳಿಸಿತು. ಸಾಲಿನ ಹಿಂದೆ ನಿಂತವರಿಗೆ ಕೇಳಿಸಿರಲಿಲ್ಲ. ಅವರು ಇನ್ನೂ ಮುಚ್ಚಳ ಬಡಿಯುತ್ತಿದ್ದರು. ಕೋದಂಡಪ್ಪ ಸಾಲಿನ ಕೊನೆಗೆ ನಡೆದು ಹೋಗಿ, ಅಲ್ಲಿಂದ ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದ.